ಬಂದರಿಗೆ ಬಂದ ಲೇತು

ಮಂಗಳೂರಿನ ಕೈಗಾರಿಕೆಯ ಚರಿತ್ರೆ ಬರೆಯುವವರು ಮೊದಲು ಹೆಂಚಿನ ಮಾತೆತ್ತುತ್ತಾರೆ. ಆಮೇಲೆ ಖಾಕಿ ಬಟ್ಟೆ, ಅಚ್ಚುಕೂಟ, ಕಾಫಿ, ಗೇರುಬೀಜ, ಬೀಡಿ. ಇವೆಲ್ಲದರ ಹಿಂದೆ ನಿಂತು, ಮುರಿದದ್ದನ್ನು ಸರಿಮಾಡಿ ಕೊಟ್ಟ ಕಬ್ಬಿಣದ ಕಾರ್ಯಾಗಾರಕ್ಕೆ ಒಂದು ಸಾಲು ಸಿಕ್ಕಿದರೆ ಹೆಚ್ಚು. ಸ್ವಿಟ್ಜರ್ಲೆಂಡಿನ ಮಿಶನರಿ ಸಂಸ್ಥೆ ಬಾಸೆಲ್ ಮಿಶನ್ 1874ರಲ್ಲಿ ಇಲ್ಲಿ ತೆರೆದ ಯಾಂತ್ರಿಕ ಕಾರ್ಯಾಗಾರದಿಂದ ಹಿಡಿದು, ಇವತ್ತು ಬಂದರ್ ದಕ್ಕೆಯ ಆಸುಪಾಸಿನಲ್ಲಿ ಬೋಟಿನ ಶಾಫ್ಟು ಕಡೆಯುವ ಲೇತ್ ಅಂಗಡಿಗಳವರೆಗೆ ನೂರೈವತ್ತು ವರ್ಷಗಳ ಕಥೆ ಇದೆ. ಆ ಕಥೆಯ ನಡುವೆ ಇರುವುದು ಲೇತಿನ ಕ್ಯಾರೇಜ್. ಹತಾರ ಹೊತ್ತ ಆ ಕ್ಯಾರೇಜು ಎಷ್ಟು ವೇಗದಲ್ಲಿ, ಯಾವ ದಿಕ್ಕಿಗೆ, ಎಲ್ಲಿಯವರೆಗೆ ಸರಿಯಬೇಕೆಂದು ತೀರ್ಮಾನಿಸುವ ಏರ್ಪಾಡು ಇಲ್ಲದಿದ್ದರೆ ಹೆಂಚಿನ ಪ್ರೆಸ್ಸೂ ಇಲ್ಲ, ಮೀನಿನ ಬೋಟೂ ಇಲ್ಲ.

ಆ ಕಾಲದ ಮಂಗಳೂರನ್ನು ಸ್ವಲ್ಪ ನೆನಪಿಗೆ ತಂದುಕೊಳ್ಳೋಣ. ನೇತ್ರಾವತಿ ಮತ್ತು ಗುರುಪುರ ನದಿಗಳು ಸೇರಿ ಸಮುದ್ರಕ್ಕೆ ಹೋಗುವ ಅಳಿವೆಯ ಒಳಗೆ ಹಳೆಯ ಬಂದರ್. ಅಳಿವೆಯ ಬಾಯಲ್ಲಿ ಮರಳಿನ ದಿಬ್ಬ. ದೊಡ್ಡ ಉಗಿಹಡಗು ಒಳಗೆ ಬರುವಂತಿಲ್ಲ. ಅದು ಹೊರಗೆ ಲಂಗರು ಹಾಕಿ ನಿಂತರೆ, ಸರಕು ದೋಣಿಗಳಲ್ಲಿ ದಡಕ್ಕೆ ಬರಬೇಕು. ಮಳೆಗಾಲ ಶುರುವಾದರೆ ಅದೂ ನಿಂತಿತು. ಹಿಂದೆ ಘಟ್ಟ, ಮುಂದೆ ಕಡಲು. ರೈಲು ಬಂದದ್ದು 1907ರಲ್ಲಿ. ಅದಕ್ಕೆ ಮುಂಚೆ ಇಲ್ಲಿ ಒಂದು ಯಂತ್ರದ ಭಾಗ ಮುರಿದರೆ, ಯುರೋಪಿಗೆ ಕಾಗದ ಬರೆದು ಹೊಸದನ್ನು ತರಿಸಿಕೊಳ್ಳಲು ತಿಂಗಳುಗಟ್ಟಲೆ ಕಾಯಬೇಕು. 1869ರಲ್ಲಿ ಸುಯೆಜ್ ಕಾಲುವೆ ತೆರೆದ ಮೇಲೆ ದಾರಿ ಹತ್ತಿರವಾಯಿತು, ನಿಜ. ಆದರೆ ಜೂನ್ ತಿಂಗಳ ಅಳಿವೆಗೆ ಸುಯೆಜಿನಿಂದ ಆಗುವ ಉಪಕಾರ ಏನೂ ಇರಲಿಲ್ಲ.

ಬಾಸೆಲ್ ಮಿಶನ್ನಿನ ಮೊದಲ ಮೂವರು, ಹೆಬಿಕ್, ಲೆನರ್ ಮತ್ತು ಗ್ರೈನರ್, ಈ ಕರಾವಳಿಗೆ ಬಂದದ್ದು 1834ರಲ್ಲಿ. 1841ರಲ್ಲಿ ಅಚ್ಚುಕೂಟ ಶುರುವಾಯಿತು. ಅಲ್ಲಿಯ ಕಲ್ಲಚ್ಚಿನಲ್ಲೇ 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರತಂದರು. 1851ರಲ್ಲಿ ಇಬ್ಬರು ಬಂದರು. ಜಾನ್ ಹಾಲರ್ ಮಗ್ಗದ ಕಾರ್ಖಾನೆ ನೋಡಿಕೊಂಡರು. ಜಾರ್ಜ್ ಪ್ಲೆಬ್ಸ್ಟ್ ಅಚ್ಚುಕೂಟಕ್ಕೆ ಬಂದರು. ಪ್ಲೆಬ್ಸ್ಟ್ ಬರೀ ಮುದ್ರಕರಲ್ಲ, ಯಂತ್ರದ ಒಳಗುಟ್ಟು ಬಲ್ಲವರು. ಕನ್ನಡದ ಸೀಸದ ಅಚ್ಚುಗಳನ್ನು ಸುಧಾರಿಸಿದರು. ಆಮೇಲೆ ನೇತ್ರಾವತಿಯ ದಡದ ಜೇಡಿಮಣ್ಣಿನ ಮೇಲೆ ಅವರ ಕಣ್ಣು ಬಿತ್ತು. ಯುರೋಪಿಗೆ ಮರಳಿದಾಗ ಕುಂಬಾರಿಕೆಯ ವಿದ್ಯೆ ಕಲಿತು ಬಂದು 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಮಣ್ಣು ಕಲಸುವುದಕ್ಕೆ ಒಂದು ಜೋಡಿ ಎತ್ತು. ಶುರುವಿನಲ್ಲಿ ದಿನಕ್ಕೆ 560 ಹೆಂಚು.

ದಿನಕ್ಕೆ 560 ಹೆಂಚು ಅಂದರೆ 560 ಸಲ ಪ್ರೆಸ್ಸಿನ ಸ್ಕ್ರೂ ಇಳಿದು ಏರಬೇಕು. ಕೈಯಿಂದ ತಿರುಗಿಸುವ ಹೆಂಚಿನ ಪ್ರೆಸ್ಸಿನ ಜೀವಾಳ ಅದರ ದಪ್ಪನೆಯ ಸ್ಕ್ರೂ. ಮೇಲಿನ ಚಕ್ರವನ್ನು ಬಲವಾಗಿ ತಿರುಗಿಸಿದರೆ ಸ್ಕ್ರೂ ಸರ್ರನೆ ಇಳಿದು ಮಣ್ಣಿನ ಹಲಗೆಯನ್ನು ಅಚ್ಚಿಗೆ ಒತ್ತುತ್ತದೆ. ಹಿಂದಕ್ಕೆ ತಿರುಗಿಸಿದರೆ ಏರುತ್ತದೆ. ಮಣ್ಣಿನ ಜಾಗದಲ್ಲಿ ಮರಳಿನ ಕಣ ಇರದೆ ಹೋಗುವುದಿಲ್ಲ. ಕಣ ಥ್ರೆಡ್ಡಿಗೆ ಹೊಕ್ಕಿತೋ, ನಟ್ಟು ತಿನ್ನುತ್ತದೆ, ಸ್ಕ್ರೂ ತಿನ್ನುತ್ತದೆ, ಕೊನೆಗೆ ಹೆಂಚು ಒಂದು ಬದಿ ದಪ್ಪ, ಒಂದು ಬದಿ ತೆಳು. ಮಳೆನಾಡಿನಲ್ಲಿ ಅಂಥ ಹೆಂಚನ್ನು ಯಾರೂ ಮಾಡಿಗೆ ಏರಿಸುವುದಿಲ್ಲ. ಸ್ಕ್ರೂ ಬದಲಾಯಿಸಬೇಕು, ಬೇರೆ ದಾರಿಯಿಲ್ಲ. ಹೆಂಚು ಶುರುವಾದ ಒಂಬತ್ತು ವರ್ಷಕ್ಕೆ ಮಿಶನ್ ಯಾಂತ್ರಿಕ ಕಾರ್ಯಾಗಾರ ತೆರೆದದ್ದರಲ್ಲಿ ಆಶ್ಚರ್ಯವಿಲ್ಲ. ತನ್ನ ಹೆಂಚು, ಮಗ್ಗ, ಅಚ್ಚುಕೂಟಗಳ ಯಂತ್ರಗಳನ್ನು ಇಲ್ಲೇ ರಿಪೇರಿ ಮಾಡಿಕೊಳ್ಳದೆ ಅದಕ್ಕೆ ಗತಿ ಇರಲಿಲ್ಲ.

ಒಂದು ಸ್ಕ್ರೂ ಮಾಡುವುದು ಎಷ್ಟು ಕಷ್ಟ ಎಂಬುದನ್ನು ಲೇತಿಲ್ಲದ ಕಾಲದಿಂದ ನೋಡಿದರೇನೆ ಗೊತ್ತಾಗುವುದು. ತ್ರಿಕೋನಾಕಾರದ ಕಾಗದವನ್ನು ಸರಳಿಗೆ ಸುತ್ತಿ, ಅದರ ಅಂಚಿನ ಗುರುತು ಹಿಡಿದು, ಅರದಿಂದ ಉಜ್ಜುತ್ತಾ ಗೀರು ಆಳ ಮಾಡಬೇಕು. ಎಷ್ಟೇ ನುರಿತ ಕೈಯಾದರೂ ಒಂದು ಸುತ್ತಿನ ಅಂತರ ಇನ್ನೊಂದು ಸುತ್ತಿಗೆ ಸರಿಹೊಂದುವುದಿಲ್ಲ. ಆ ಸ್ಕ್ರೂವಿಗೆ ಆ ನಟ್ಟೇ, ಬೇರೆಯದು ಕೂರದು. ಹಳೆಯ ಕಡೆಯುವ ಯಂತ್ರದಲ್ಲೂ ಹತಾರ ಇದ್ದದ್ದು ಕೆಲಸಗಾರನ ಕೈಯಲ್ಲೇ. ಅಡ್ಡಗಂಬಿಯ ಮೇಲೆ ಉಳಿಯನ್ನು ಆನಿಸಿ, ಹೆಗಲ ಬಲ ಕೊಟ್ಟು ಹಿಡಿಯುತ್ತಿದ್ದರು. ಮರಕ್ಕೆ ಅದು ಸಾಕು. ಕಬ್ಬಿಣದ ಮೇಲೆ, ಮೂರು ಅಡಿ ಉದ್ದಕ್ಕೆ, ಕೂದಲಷ್ಟೂ ಹೆಚ್ಚುಕಡಿಮೆ ಆಗದಂತೆ ಹಿಡಿದುಕೊಂಡು ಹೋಗಲು ಮನುಷ್ಯನ ಕೈಗೆ ಆಗದು.

ಹತಾರವನ್ನು ಕೈಯಿಂದ ಬಿಡಿಸಿ ಯಂತ್ರಕ್ಕೆ ಕೊಟ್ಟ ಕೀರ್ತಿಯನ್ನು ಸಾಮಾನ್ಯವಾಗಿ ಲಂಡನ್ನಿನ ಹೆನ್ರಿ ಮಾಡ್ಸ್ಲೇಗೆ ಕೊಡುತ್ತಾರೆ. ಅವನೊಬ್ಬನೇ ಕಂಡುಹಿಡಿದ ಎನ್ನುವುದು ನ್ಯಾಯವಲ್ಲ. ಫ್ರಾನ್ಸಿನ ವೊಕಾನ್ಸನ್ ಅದಕ್ಕಿಂತ ಅರ್ಧ ಶತಮಾನ ಮೊದಲೇ ಲೋಹದ ಹಾಸಿನ ಮೇಲೆ ಹತಾರ ಸರಿಯುವ ಲೇತ್ ಮಾಡಿದ್ದ. ಅಳತೆಯ ಉಪಕರಣಗಳಿಗೆ ಹೆಸರಾದ ಜೆಸ್ಸಿ ರಾಮ್ಸ್ಡೆನ್ ಸೂಕ್ಷ್ಮ ಸ್ಕ್ರೂ ಕಡೆಯುವ ಯಂತ್ರ ಮಾಡಿದ್ದ. ಮಾಡ್ಸ್ಲೇಯ ಹೆಚ್ಚುಗಾರಿಕೆ ಬೇರೆ. ಬೀಗ ಮಾಡುವ ಜೋಸೆಫ್ ಬ್ರಾಮಾನ ಅಂಗಡಿಯಲ್ಲಿ ಮುಖ್ಯ ಕೆಲಸಗಾರನಾಗಿದ್ದ ಅವನು, ಮಾಲಿಕ ಸಂಬಳ ಹೆಚ್ಚಿಸಲು ಒಪ್ಪದ್ದರಿಂದ 1797ರಲ್ಲಿ ಹೊರಬಂದು ಸ್ವಂತ ಅಂಗಡಿ ಹಾಕಿದ. 1800ರ ಸುಮಾರಿಗೆ ಅವನ ಲೇತಿನಲ್ಲಿ ಮೂರು ವಿಷಯ ಒಟ್ಟಾದವು: ಹತಾರವನ್ನು ಬಿಗಿಯಾಗಿ ಹಿಡಿದು ಸರಿಯುವ ಸ್ಲೈಡ್, ಅದನ್ನು ಎಳೆದೊಯ್ಯುವ ಉದ್ದನೆಯ ಲೀಡ್ ಸ್ಕ್ರೂ, ಇವೆರಡನ್ನೂ ಕೆಲಸದ ತುಂಡನ್ನು ಹಿಡಿದು ತಿರುಗುವ ಸ್ಪಿಂಡಲಿಗೆ ಕಟ್ಟಿಹಾಕುವ ಚೇಂಜ್ ಗೇರುಗಳು. ಸ್ಪಿಂಡಲ್ ಒಂದು ಸುತ್ತು ತಿರುಗುವಷ್ಟರಲ್ಲಿ ಹತಾರ ಇಂತಿಷ್ಟೇ ದೂರ ಸರಿಯಬೇಕು. ಗೇರು ಬದಲಾಯಿಸಿದರೆ ಆ ದೂರ ಬದಲಾಗುತ್ತದೆ. ಒಂದೇ ಲೀಡ್ ಸ್ಕ್ರೂವಿನಿಂದ ಬೇಕಾದ ಥ್ರೆಡ್ಡನ್ನೆಲ್ಲ ತೆಗೆಯಬಹುದು. ಒಳ್ಳೆಯ ಸ್ಕ್ರೂ ಒಂದಿದ್ದರೆ ಅದರಿಂದ ಸಾವಿರ ಒಳ್ಳೆಯ ಸ್ಕ್ರೂ ಹುಟ್ಟುತ್ತವೆ.

ಬಂದರಿನವರು ತಿಳಿದಿರಬೇಕಾದ ಮಾತೊಂದಿದೆ. ಮಾಡ್ಸ್ಲೇಯ ಮೊದಲ ದೊಡ್ಡ ಕೆಲಸವೇ ಹಡಗಿನದು. ಹಾಯಿಹಡಗಿನ ಹಗ್ಗ ಓಡಿಸುವ ಮರದ ಕಪ್ಪಿಗಳು ಬ್ರಿಟಿಷ್ ನೌಕಾಪಡೆಗೆ ವರ್ಷಕ್ಕೆ ಲಕ್ಷದಷ್ಟು ಬೇಕಾಗಿದ್ದವು. ಅವನ್ನು ತಯಾರಿಸಲು ಮಾರ್ಕ್ ಬ್ರೂನೆಲ್ ರೂಪಿಸಿದ ಯಂತ್ರಸಾಲನ್ನು ಮಾಡ್ಸ್ಲೇ ಕಟ್ಟಿ ಪೋರ್ಟ್ಸ್‌ಮತ್ ಬಂದರಿನಲ್ಲಿ ನಿಲ್ಲಿಸಿದ. ನೂರಹತ್ತು ಮಂದಿ ಮಾಡುತ್ತಿದ್ದ ಕೆಲಸವನ್ನು ಹತ್ತು ಮಂದಿ ಮಾಡುವಂತಾಯಿತು. ಲೇತು ಮತ್ತು ಕಡಲಿನ ನಂಟು ಅಷ್ಟು ಹಳೆಯದು.

ಆದರೂ ಮಾಡ್ಸ್ಲೇಯ ಲೇತಿಗೆ ಒಂದು ತೊಡಕಿತ್ತು. ಥ್ರೆಡ್ ಒಂದೇ ಏಟಿಗೆ ಆಗುವುದಿಲ್ಲ. ಹತ್ತು ಹದಿನೈದು ಸಲ ಹತಾರ ಅದೇ ಗೀರಿನಲ್ಲಿ ಓಡಬೇಕು, ಪ್ರತಿ ಸಲವೂ ಕೂದಲೆಳೆಯಷ್ಟು ಆಳ ಹೆಚ್ಚಬೇಕು. ಒಂದು ಸಲ ಮುಗಿದ ಮೇಲೆ ಕ್ಯಾರೇಜು ಮೊದಲ ಜಾಗಕ್ಕೆ ಬರಬೇಕಲ್ಲ? ಲೀಡ್ ಸ್ಕ್ರೂವಿಗೆ ಸದಾ ಕಚ್ಚಿಕೊಂಡ ನಟ್ಟು ಇದ್ದರೆ ಇಡೀ ಯಂತ್ರವನ್ನೇ ಹಿಂದಕ್ಕೆ ತಿರುಗಿಸಬೇಕು. ಮಾಡ್ಸ್ಲೇಯ ಅಂಗಡಿಯಲ್ಲೇ ಪಳಗಿದ ಜೋಸೆಫ್ ವಿಟ್‌ವರ್ತ್ 1833ರಲ್ಲಿ ಮ್ಯಾಂಚೆಸ್ಟರಿನಲ್ಲಿ ಅಂಗಡಿ ಹಾಕಿದ. ಅವನ ಲೇತುಗಳಲ್ಲಿ ನಟ್ಟು ಎರಡು ಹೋಳಾಯಿತು. ಹಗ್ಗವನ್ನು ಎರಡು ಅಂಗೈ ಹಿಡಿದು ಬಿಡುವ ಹಾಗೆ, ಒಂದು ಲಿವರ್ ಒತ್ತಿದರೆ ಆ ಹೋಳುಗಳು ಲೀಡ್ ಸ್ಕ್ರೂವನ್ನು ಅಪ್ಪುತ್ತವೆ, ಎತ್ತಿದರೆ ಬಿಡುತ್ತವೆ. ಬಿಟ್ಟ ಕೂಡಲೇ ಕ್ಯಾರೇಜು ನಿಲ್ಲುತ್ತದೆ. ಕೈಚಕ್ರ ತಿರುಗಿಸಿ ಅದನ್ನು ಕ್ಷಣದಲ್ಲಿ ಹಿಂದಕ್ಕೆ ತರಬಹುದು. ಇದೇ ಹಾಫ್ ನಟ್. ಇವತ್ತಿಗೂ ಬಂದರಿನಲ್ಲಿ ಲೇತ್ ನಡೆಸುವ ಟರ್ನರನ ಬಲಗೈ ಹೆಚ್ಚು ಹೊತ್ತು ಇರುವುದು ಈ ಲಿವರಿನ ಮೇಲೆಯೇ.

ವಿಟ್‌ವರ್ತ್ ಇನ್ನೊಂದು ಕೆಲಸ ಮಾಡಿದ. ಬೇರೆ ಬೇರೆ ಅಂಗಡಿಗಳ ಬೋಲ್ಟುಗಳನ್ನು ಕಲೆಹಾಕಿ, ಅವುಗಳ ಸರಾಸರಿ ಹಿಡಿದು, ಯಾವ ದಪ್ಪಕ್ಕೆ ಇಂಚಿಗೆ ಎಷ್ಟು ಥ್ರೆಡ್ ಇರಬೇಕು, ಕೋನ ಎಷ್ಟಿರಬೇಕು ಎಂದು 1841ರಲ್ಲಿ ಒಂದು ಕ್ರಮ ಮುಂದಿಟ್ಟ. ಕೋನ 55 ಡಿಗ್ರಿ. ಮಂಗಳೂರಿನಲ್ಲಿ ಅಚ್ಚುಕೂಟ ಶುರುವಾದ ವರ್ಷವೇ ಅದು. ಬ್ರಿಟಿಷರ ಹಡಗು, ರೈಲು, ಪಂಪುಗಳ ಜತೆ ಆ 55 ಡಿಗ್ರಿ ಭಾರತದ ಕರಾವಳಿಗೂ ಬಂದು ಕೂತಿತು. ಅಮೆರಿಕದವರು 1864ರಲ್ಲಿ ವಿಲಿಯಂ ಸೆಲ್ಲರ್ಸ್ ಹೇಳಿದ 60 ಡಿಗ್ರಿಯ ದಾರಿ ಹಿಡಿದರು. ಯುರೋಪಿನ ಮೆಟ್ರಿಕ್ ಥ್ರೆಡ್ಡೂ ಕೊನೆಗೆ 60ಕ್ಕೇ ನಿಂತಿತು. ಈ ಐದು ಡಿಗ್ರಿಯ ಜಗಳ ಬಂದರಿನ ಅಂಗಡಿಗಳಲ್ಲಿ ಇನ್ನೂ ಮುಗಿದಿಲ್ಲ.

ಮಿಶನ್ ಇಲ್ಲಿ ಕಾರ್ಯಾಗಾರ ತೆರೆದ 1874ರ ಹೊತ್ತಿಗೆ ಯುರೋಪಿನ ಒಳ್ಳೆಯ ಲೇತುಗಳಲ್ಲಿ ಲೀಡ್ ಸ್ಕ್ರೂ, ಹಾಫ್ ನಟ್, ಚೇಂಜ್ ಗೇರು ಎಲ್ಲವೂ ವಾಡಿಕೆಯ ವಸ್ತುಗಳಾಗಿದ್ದವು. ಬರೀ ಮೇಲ್ಮೈ ನುಣುಪು ಮಾಡುವ ಕೆಲಸಕ್ಕೂ ಲೀಡ್ ಸ್ಕ್ರೂವನ್ನೇ ಓಡಿಸಿದರೆ ಅದು ಬೇಗ ಸವೆಯುತ್ತದೆ, ಸವೆದರೆ ಥ್ರೆಡ್ ಕೆಡುತ್ತದೆ. ಹಾಗಾಗಿ ಉದ್ದಕ್ಕೆ ತೋಡು ಕೊರೆದ ಇನ್ನೊಂದು ಸರಳು ಬಂತು, ಫೀಡ್ ರಾಡ್. ಕ್ಯಾರೇಜಿನ ಮುಂದೆ ಇಳಿಬಿದ್ದ ಅಪ್ರಾನ್ ಎಂಬ ಪೆಟ್ಟಿಗೆಯೊಳಗೆ ಆ ಸರಳು ಒಂದು ವರ್ಮ್ ತಿರುಗಿಸುತ್ತದೆ, ವರ್ಮ್ ಗೇರನ್ನು, ಗೇರು ಹಾಸಿನ ಕೆಳಗಿನ ರ‍್ಯಾಕನ್ನು ಹಿಡಿದು ಕ್ಯಾರೇಜನ್ನು ಮೆಲ್ಲಗೆ ನಡೆಸುತ್ತದೆ. ನಮ್ಮವರು ಇದಕ್ಕೆ ‘ಆಟೋ ಹಾಕುವುದು’ ಅನ್ನುತ್ತಾರೆ. ಇದರ ಜತೆಗೊಂದು ಅಪಾಯವೂ ಬಂತು. ಆಟೋ ಹಾಕಿದ ಮೇಲೆ ಮರೆತು ಹಾಫ್ ನಟ್ಟನ್ನೂ ಒತ್ತಿದರೆ, ಒಂದೇ ಕ್ಯಾರೇಜನ್ನು ಎರಡು ಯಜಮಾನರು ಎರಡು ವೇಗದಲ್ಲಿ ಎಳೆಯುತ್ತಾರೆ. ಗೇರಿನ ಹಲ್ಲು ಉದುರುತ್ತದೆ. ಅದಕ್ಕೇ ಆಮೇಲಿನ ಲೇತುಗಳಲ್ಲಿ ಒಂದು ಲಿವರ್ ಬಿದ್ದಿದ್ದರೆ ಇನ್ನೊಂದು ಬೀಳದಂತೆ ತಡೆ ಇಟ್ಟರು. ಅಮೆರಿಕದ ವೆಂಡೆಲ್ ನಾರ್ಟನ್ 1892ರಲ್ಲಿ ಗೇರುಗಳನ್ನೆಲ್ಲ ಒಂದು ಪೆಟ್ಟಿಗೆಯೊಳಗೆ ಜೋಡಿಸಿದ. ಥ್ರೆಡ್ ಬದಲಾಯಿಸಬೇಕೆಂದರೆ ಸ್ಪ್ಯಾನರ್ ಹಿಡಿದು ಗೇರು ಬಿಚ್ಚಬೇಕಿಲ್ಲ, ಲಿವರನ್ನು ಒಂದು ಕುಳಿಯಿಂದ ಇನ್ನೊಂದಕ್ಕೆ ಹಾಕಿದರೆ ಆಯಿತು.

ಮಿಶನ್ ಕಾರ್ಯಾಗಾರದ ಬೆಲೆ ಅಲ್ಲಿ ಆದ ರಿಪೇರಿಗಿಂತ ಅಲ್ಲಿ ಪಳಗಿದ ಕೈಗಳಲ್ಲಿ ಹೆಚ್ಚು ಇದೆ ಎಂದು ನನ್ನ ತಿಳುವಳಿಕೆ. ಹೆಂಚಿನ ವಿದ್ಯೆ ಮಿಶನ್ನಿನ ಆವರಣದಲ್ಲಿ ಉಳಿಯಲಿಲ್ಲ. ಮಿಶನ್ ತಾನೇ ಕುದ್ರೋಳಿ, ಮಲ್ಪೆ, ಕೋಯಿಕ್ಕೋಡಿನ ಕಡೆಗೆಲ್ಲ ಕಾರ್ಖಾನೆ ಹಾಕಿತು. ಊರಿನ ಉದ್ಯಮಿಗಳೂ ಹೊಯ್ಗೆಬಜಾರ್, ಬೋಳಾರ, ಗುರುಪುರ ಹೊಳೆಯ ದಡದುದ್ದಕ್ಕೆ ಚಿಮಣಿ ಎಬ್ಬಿಸಿದರು. ದೋಣಿಯಲ್ಲಿ ಮಣ್ಣು ಬರುತ್ತಿತ್ತು, ಬಂದರಿನಿಂದ ಮಂಜಿ ಎಂಬ ಸರಕು ಹಡಗುಗಳಲ್ಲಿ ಹೆಂಚು ಹೋಗುತ್ತಿತ್ತು. ಪ್ರತಿ ಚಿಮಣಿಯ ಬುಡದಲ್ಲೂ ಪ್ರೆಸ್ಸು ಇತ್ತು, ಪ್ರೆಸ್ಸಿಗೆ ಸ್ಕ್ರೂ ಇತ್ತು, ಸ್ಕ್ರೂವಿಗೆ ಒಬ್ಬ ಫಿಟ್ಟರ್ ಬೇಕಿತ್ತು. ಕುಲುಮೆ ಮತ್ತು ಉಳಿ ಬಲ್ಲ ಕೈಗಳು ಕರಾವಳಿಯಲ್ಲಿ ಮೊದಲೇ ಇದ್ದವು. ಅವಕ್ಕೆ ಹೊಸದಾಗಿ ಸಿಕ್ಕಿದ್ದು ಅಳತೆ. ಕಣ್ಣಂದಾಜಿನಲ್ಲಿ ನಡೆಯುತ್ತಿದ್ದ ಕೆಲಸಕ್ಕೆ ಇಂಚಿನ ಸಾವಿರದಲ್ಲೊಂದು ಭಾಗದ ಲೆಕ್ಕ ಬಂತು.

1914ರ ಯುದ್ಧ ಮಿಶನ್ನಿನ ಉದ್ಯಮಗಳಿಗೆ ಮುಳುವಾಯಿತು. ಬಾಸೆಲ್ ಇರುವುದು ಸ್ವಿಟ್ಜರ್ಲೆಂಡಿನಲ್ಲಾದರೂ ಇಲ್ಲಿ ಕೆಲಸ ಮಾಡುತ್ತಿದ್ದವರಲ್ಲಿ ಬಹುಪಾಲು ಜರ್ಮನರು. ಬ್ರಿಟಿಷ್ ಸರಕಾರ ಆಸ್ತಿಯನ್ನು ವಶಪಡಿಸಿಕೊಂಡಿತು. 1919ರಲ್ಲಿ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಹೊಸ ಸಂಸ್ಥೆಯ ಪಾಲಾದವು. ನಾಮಫಲಕ ಬದಲಾಯಿತು, ಕೆಲಸ ನಿಲ್ಲಲಿಲ್ಲ. ಲೇತಿನ ಮುಂದೆ ನಿಂತವನಿಗೆ ಮಾಲಿಕ ಯಾರಾದರೇನು, ಗೇರಿನ ಲೆಕ್ಕ ಒಂದೇ.

ಎರಡನೆಯ ಮಹಾಯುದ್ಧ ಇನ್ನೊಂದು ತಿರುವು. ವಿದೇಶದ ಯಂತ್ರಗಳು ಬರುವುದು ನಿಂತಿತು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರುಮಾಡಿ, ಕಬ್ಬಿಣದ ನೇಗಿಲು ಮಾಡಿ ಹೆಸರಾದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನ 1941ರಲ್ಲಿ ತುಂಗಭದ್ರೆಯ ದಡದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪನಿ ಕಟ್ಟಿತು. ಅಲ್ಲಿಂದ ಲೇತುಗಳು ಹೊರಬಂದವು. ಕನ್ನಡ ನಾಡಿನಲ್ಲೇ ಎರಕ ಹೊಯ್ದ ಹಾಸು, ಇಲ್ಲೇ ಕಡೆದ ಲೀಡ್ ಸ್ಕ್ರೂ. ಸಾಲ ಮಾಡಿ ಒಂದು ಅಂಗಡಿ ಹಾಕಬೇಕೆಂದಿದ್ದ ಕೆಲಸಗಾರನಿಗೆ ವಿದೇಶದ ಲೇತು ಕನಸಿನ ಮಾತು, ಹರಿಹರದ ಲೇತು ಕೈಗೆಟಕುವ ಮಾತು. 1953ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಹಿಂದುಸ್ತಾನ್ ಮೆಷಿನ್ ಟೂಲ್ಸ್ ಹುಟ್ಟಿತು. ಎಚ್‌ಎಂಟಿ ಎಂದರೆ ಗಡಿಯಾರ ಎಂದುಕೊಂಡವರೇ ಹೆಚ್ಚು. ಅದರ ಮೊದಲ ಉತ್ಪನ್ನ ಗಡಿಯಾರವಲ್ಲ, ಎಚ್-22 ಎಂಬ ಲೇತು. ವಿನ್ಯಾಸ ಕೊಟ್ಟದ್ದು ಸ್ವಿಟ್ಜರ್ಲೆಂಡಿನ ಅರ್ಲಿಕಾನ್ ಕಂಪನಿ. 1959ರಲ್ಲಿ ತಲಶ್ಶೇರಿಯ ಬಳಿಯ ನೆಟ್ಟೂರಿನಲ್ಲಿ ಶುರುವಾಗಿ ಆಮೇಲೆ ಬೆಂಗಳೂರಿಗೂ ಬಂದ ತಾಂತ್ರಿಕ ತರಬೇತಿ ಸಂಸ್ಥೆ ಎನ್‌ಟಿಟಿಎಫ್‌ನ ಹಿಂದೆಯೂ ಸ್ವಿಸ್ ಚರ್ಚುಗಳ ನೆರವಿತ್ತು. ಬಾಸೆಲಿನ ಮಿಶನರಿಗಳು ಬಂದ ನಾಡಿಗೆ ಸ್ವಿಟ್ಜರ್ಲೆಂಡ್ ಹೀಗೆ ಮತ್ತೆ ಮತ್ತೆ ಬಂತು, ಪ್ರತಿ ಸಲವೂ ಕಬ್ಬಿಣದ ಕೆಲಸದ ಜತೆಗೆ. ಮಂಗಳೂರಿನ ಕದ್ರಿಯಲ್ಲಿ 1946ರಲ್ಲೇ ಪಾಲಿಟೆಕ್ನಿಕ್ ತೆರೆದಿತ್ತು, 1960ರಲ್ಲಿ ಸುರತ್ಕಲ್ಲಿನ ಇಂಜಿನಿಯರಿಂಗ್ ಕಾಲೇಜು ಬಂತು. ಆದರೆ ಬಂದರಿನ ಅಂಗಡಿಗೆ ಟರ್ನರುಗಳನ್ನು ಕೊಟ್ಟದ್ದು ಮುಖ್ಯವಾಗಿ ಬಂದರಿನ ಅಂಗಡಿಯೇ. ಹದಿನಾಲ್ಕರ ಹುಡುಗ ಬಂದು ಕಸ ಗುಡಿಸಿ, ಎಣ್ಣೆ ಹಾಕಿ, ಹತಾರ ಮಸೆದು, ನಾಲ್ಕೈದು ವರ್ಷಕ್ಕೆ ಹಾಫ್ ನಟ್ಟಿನ ಲಿವರ್ ಮುಟ್ಟುತ್ತಿದ್ದ.

ಇದೆಲ್ಲ ಬಂದರಿನ ಬದುಕಿಗೆ ಬಂದು ಹೆಣೆದುಕೊಂಡದ್ದು ಇಂಜಿನ್ ಬೋಟುಗಳಿಂದ. 1950ರ ದಶಕದ ಕೊನೆಯವರೆಗೆ ಇಲ್ಲಿಯ ಮೀನುಗಾರಿಕೆ ಹಾಯಿ, ಹುಟ್ಟು ಮತ್ತು ದಡಕ್ಕೆ ಎಳೆಯುವ ರಂಪಣಿ ಬಲೆಯದು. ಆಮೇಲೆ ಟ್ರಾಲ್ ಬೋಟುಗಳು ಬಂದವು, 1970ರ ದಶಕದ ನಡುವೆ ಪರ್ಸೀನ್ ಬೋಟುಗಳು. ಬಂಗುಡೆ, ಬೂತಾಯಿಗಳ ಲೆಕ್ಕ ಬುಟ್ಟಿಯಿಂದ ಲಾರಿಗೆ ಏರಿತು. ರಂಪಣಿಯವರ ಹೊಟ್ಟೆಯ ಮೇಲೆ ಹೊಡೆತ ಬಿದ್ದು ದೊಡ್ಡ ಜಗಳಗಳಾದವು, ಅದು ಬೇರೆಯೇ ಬರೆಯಬೇಕಾದ ಕಥೆ. 1974ರಲ್ಲಿ ಪಣಂಬೂರಿನಲ್ಲಿ ನವಮಂಗಳೂರು ಬಂದರು ದೇಶದ ಪ್ರಮುಖ ಬಂದರುಗಳ ಪಟ್ಟಿಗೆ ಸೇರಿತು, ದೊಡ್ಡ ಹಡಗುಗಳ ವ್ಯವಹಾರವೆಲ್ಲ ಅತ್ತ ಹೋಯಿತು. ಹಳೆಯ ಬಂದರಿಗೆ ಉಳಿದದ್ದು ಮೀನಿನ ದಕ್ಕೆ ಮತ್ತು ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮಂಜಿಗಳು. ಲೇತ್ ಅಂಗಡಿಗಳಿಗೆ ಅಷ್ಟೇ ಧಾರಾಳವಾಗಿ ಸಾಕಿತ್ತು.

ಬೋಟಿನ ಹಿಂದಿನ ಪ್ರೊಪೆಲ್ಲರನ್ನು ನಮ್ಮವರು ಫ್ಯಾನ್ ಅನ್ನುತ್ತಾರೆ. ನಡುಗಡಲಲ್ಲಿ ಫ್ಯಾನಿಗೆ ಬಲೆ ಸಿಕ್ಕಿತೆಂದರೆ ಇಂಜಿನ್ ಒಂದು ಕಡೆ ತಿರುಚುತ್ತದೆ, ಬಲೆ ಇನ್ನೊಂದು ಕಡೆ ಜಗ್ಗುತ್ತದೆ, ನಡುವೆ ಸಿಕ್ಕಿದ ಶಾಫ್ಟು ಬಾಗುತ್ತದೆ. ಉಪ್ಪುನೀರು ಮತ್ತು ಅಳಿವೆಯ ಮರಳು ಸೇರಿ ಬುಶ್ಶುಗಳನ್ನು ತಿನ್ನುತ್ತವೆ. ಇನ್ನೊಂದು ಬೋಟು ಕಟ್ಟಿ ಎಳೆದುಕೊಂಡು ಬಂದು ದಕ್ಕೆಗೆ ಮುಟ್ಟಿಸಬೇಕು. ಒಂದು ದಿನ ಬೋಟು ನಿಂತರೆ ಬೋಟು ನಡೆಸುವ ತಾಂಡೇಲನಿಂದ ಹಿಡಿದು ಐಸ್ ಹೊರುವವನವರೆಗೆ ಎಲ್ಲರ ಪಾಲು ನಿಂತಿತು. ಬಾಗಿದ ಶಾಫ್ಟನ್ನು ಹೆಗಲ ಮೇಲೆ ಹೊತ್ತು ಬಂದು ಅಂಗಡಿಯ ಮುಂದೆ ಇಳಿಸಿ, ‘ಅಣ್ಣಾ, ನಾಳೆ ಬೆಳಿಗ್ಗೆ ಹೊರಡ್ಬೇಕು ಮಾರಾಯ್ರೆ, ಹೇಗಾದ್ರೂ ಮಾಡಿ ಕೊಡಿ’ ಎಂದು ಕೂರುವವರಿಗಾಗಿ ಆ ರಾತ್ರಿ ಲೇತಿನ ಬಲ್ಬು ಆರುವುದಿಲ್ಲ. ಕರ್ನಾಟಕ ಕರಾವಳಿಯಲ್ಲಿ ಈಗ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಎಲ್ಲರಿಗೂ ರಜೆ ಇರುವ ಆ ಎರಡು ತಿಂಗಳು ಲೇತಿನವರಿಗೆ ಸುಗ್ಗಿ.

ಶಾಫ್ಟಿನ ತುದಿಗೆ ಫ್ಯಾನು ಬಿಗಿಯುವ ನಟ್ಟಿಗೆಂದು ಥ್ರೆಡ್ ತೆಗೆಯುವುದನ್ನು ಹತ್ತಿರ ನಿಂತು ನೋಡಬೇಕು. ಶಾಫ್ಟಿನ ಒಂದು ತುದಿ ಚಕ್ಕಿನಲ್ಲಿ, ಇನ್ನೊಂದು ತುದಿಗೆ ಟೇಲ್‌ಸ್ಟಾಕಿನ ಸೆಂಟರ್. ಮಸೆದ ಹತಾರವನ್ನು ಗೇಜಿಗೆ ಹಿಡಿದು 55ಕ್ಕೆ ಕೂತಿತೇ ನೋಡುತ್ತಾರೆ. ಬ್ಯಾಕ್ ಗೇರ್ ಹಾಕಿ ಸ್ಪಿಂಡಲನ್ನು ನಿಧಾನ ಮಾಡುತ್ತಾರೆ. ಲೀಡ್ ಸ್ಕ್ರೂ ಇಂಚಿಗೆ 4 ಥ್ರೆಡ್ಡಿನದು, ಬೇಕಾದದ್ದು 8 ಎಂದರೆ ಸ್ಪಿಂಡಲ್ ಎರಡು ಸುತ್ತಿದಾಗ ಲೀಡ್ ಸ್ಕ್ರೂ ಒಂದು ಸುತ್ತುವಂತೆ ಗೇರು ಜೋಡಿಸಬೇಕು. ಮೊದಲ ಸಲ ಬರೀ ಗೀರು. ಪಿಚ್ ಗೇಜು ಹಚ್ಚಿ, ಸರಿ ಎಂದಮೇಲೆ ಆಳಕ್ಕೆ ಹೋಗುವುದು. ಎಡಗೈ ಅಡ್ಡ ಸ್ಲೈಡಿನ ಹಿಡಿಕೆಯಲ್ಲಿ, ಬಲಗೈ ಹಾಫ್ ನಟ್ಟಿನಲ್ಲಿ. ಕೊನೆಯ ತೋಡು ಬಂದ ಕೂಡಲೇ ಎರಡೂ ಕೈ ಒಟ್ಟಿಗೆ ಕೆಲಸ ಮಾಡಬೇಕು. ಒಂದು ಹತಾರವನ್ನು ಹಿಂದಕ್ಕೆಳೆಯುತ್ತದೆ, ಇನ್ನೊಂದು ಲಿವರ್ ಎತ್ತುತ್ತದೆ. ಅರೆಗಳಿಗೆ ತಡವಾದರೆ ಹತಾರ ಭುಜಕ್ಕೆ ಬಡಿದು ತುಂಡಾಗುತ್ತದೆ.

ಮತ್ತೆ ಮೊದಲಿಗೆ ಬಂದಾಗ ಲಿವರನ್ನು ಮನಬಂದಲ್ಲಿ ಒತ್ತುವ ಹಾಗಿಲ್ಲ, ಹತಾರ ಅದೇ ಗೀರಿಗೆ ಬೀಳಬೇಕು. 8 ಥ್ರೆಡ್ 4ರ ಮಗ್ಗಿಯಲ್ಲಿ ಬರುವುದರಿಂದ ಎಲ್ಲಿ ಒತ್ತಿದರೂ ನಡೆಯುತ್ತದೆ. ಪೈಪಿನ 11 ಥ್ರೆಡ್ಡಿಗೆ ಅದಾಗದು. ಅಪ್ರಾನಿನ ಬದಿಯಲ್ಲಿ ಲೀಡ್ ಸ್ಕ್ರೂವಿಗೆ ಕಚ್ಚಿ ತಿರುಗುವ ಪುಟ್ಟ ಡಯಲ್ ಇರುತ್ತದೆ, ಅದರ ಅಂಕಿ ಗೆರೆಗೆ ಬರುವವರೆಗೆ ಕಾಯಬೇಕು. ಡಯಲ್ ಇಲ್ಲದ, ಅಥವಾ ಡಯಲ್ ಸವೆದ ಹಳೆಯ ಲೇತಿನಲ್ಲಿ ಟರ್ನರು ಹಾಸಿನ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಳ್ಳುತ್ತಾನೆ. ಎಡ ಥ್ರೆಡ್ ಬೇಕಿದ್ದರೆ ಹೆಡ್‌ಸ್ಟಾಕಿನ ಬದಿಯ ಟಂಬ್ಲರ್ ಲಿವರ್ ಹೊರಳಿಸಿದರೆ ಲೀಡ್ ಸ್ಕ್ರೂ ತಿರುವುಮುರುವಾಗಿ ಕ್ಯಾರೇಜು ಚಕ್ಕಿನಿಂದ ಆಚೆಗೆ ನಡೆಯುತ್ತದೆ.

ಮೆಟ್ರಿಕ್ ಬಂದಾಗ ಇನ್ನೂ ಬಿಗಿಯಾಯಿತು. 1956ರ ಕಾಯ್ದೆಯ ಬಳಿಕ ದೇಶ ಹಂತಹಂತವಾಗಿ ಮೀಟರಿಗೆ ಹೊರಳಿತು. ಕಡಲಿಗೆ ಜಪಾನಿನ ಔಟ್‌ಬೋರ್ಡ್ ಇಂಜಿನ್ನುಗಳು ಬಂದವು, ಈಗ ಚೀನಾದ ಇಂಜಿನ್ನುಗಳೂ ಇವೆ. ಅಂಗಡಿಯ ಲೀಡ್ ಸ್ಕ್ರೂ ಮಾತ್ರ ಇಂಚಿನದು. ಇಂಚಿನ ಲೇತಿನಲ್ಲಿ ಮಿಲಿಮೀಟರ್ ಥ್ರೆಡ್ ತೆಗೆಯುವುದಕ್ಕೆ 127 ಹಲ್ಲಿನ ಒಂದು ಗೇರು ಬೇಕು. ಒಂದು ಇಂಚು ಎಂದರೆ 25.4 ಮಿಲಿಮೀಟರ್. ಅದನ್ನು ಐದರಿಂದ ಗುಣಿಸಿದರೆ 127, ಭಿನ್ನರಾಶಿ ಮಾಯ. 4 ಥ್ರೆಡ್ಡಿನ ಲೀಡ್ ಸ್ಕ್ರೂ ಇರುವ ಲೇತಿನಲ್ಲಿ 2 ಮಿಲಿಮೀಟರ್ ಪಿಚ್ ಬೇಕೆಂದರೆ ಸ್ಪಿಂಡಲಿನ ಕಡೆ 40, ಸ್ಕ್ರೂವಿನ ಕಡೆ 127. ಆಗ ಡಯಲ್ ಉಪಯೋಗಕ್ಕಿಲ್ಲ. ಹಾಫ್ ನಟ್ಟನ್ನು ಒಮ್ಮೆ ಒತ್ತಿದರೆ ಥ್ರೆಡ್ ಮುಗಿಯುವವರೆಗೆ ಬಿಡುವ ಹಾಗಿಲ್ಲ. ಹತಾರ ಹಿಂದೆಳೆದು, ಮೋಟರನ್ನೇ ಉಲ್ಟಾ ತಿರುಗಿಸಿ ಕ್ಯಾರೇಜನ್ನು ವಾಪಸು ತರಬೇಕು. ವಿಟ್‌ವರ್ತ್ ತಪ್ಪಿಸಿದ ಕಷ್ಟ ಹೀಗೆ ಮತ್ತೆ ಮೈಮೇಲೆ ಬಂತು. ಶಾಲೆಯ ಗಣಿತಕ್ಕೆ ಹೆದರಿ ಓದು ಬಿಟ್ಟ ಎಷ್ಟೋ ಮಂದಿ ಈ ಲೆಕ್ಕವನ್ನು ಕಾಗದ ಪೆನ್ನಿಲ್ಲದೆ ಮಾಡುತ್ತಾರೆ. ಅವರನ್ನು ಅನಕ್ಷರಸ್ಥ ಕುಶಲಕರ್ಮಿ ಎಂದು ಬರೆದು ಕೈತೊಳೆದುಕೊಳ್ಳುವ ವರದಿಗಳನ್ನು ನಾನು ಒಪ್ಪಲಾರೆ. ಅದು ತಪ್ಪಿಲ್ಲದ ಗಣಿತ.

ಈಗಿನ ಸಿಎನ್‌ಸಿ ಲೇತುಗಳಲ್ಲಿ ಹಾಫ್ ನಟ್ಟೇ ಇಲ್ಲ. ಸ್ಪಿಂಡಲಿಗೂ ಕ್ಯಾರೇಜಿಗೂ ನಡುವೆ ಗೇರಿಲ್ಲ. ಸ್ಪಿಂಡಲಿನ ಸುತ್ತನ್ನು ಎನ್‌ಕೋಡರ್ ಎಣಿಸುತ್ತದೆ, ಅದಕ್ಕೆ ತಕ್ಕಂತೆ ಸರ್ವೋ ಮೋಟರು ಬಾಲ್ ಸ್ಕ್ರೂ ತಿರುಗಿಸುತ್ತದೆ. ಬೆಂಗಳೂರಿನ ಪೀಣ್ಯದ ಕಾರ್ಖಾನೆಗಳು ಇಂಥವನ್ನು ಮಾಡುತ್ತವೆ. ಒಂದೇ ತರಹದ ಸಾವಿರ ತುಂಡು ಬೇಕಾದಾಗ ಅದಕ್ಕೆ ಸಾಟಿಯಿಲ್ಲ. ಆದರೆ ದಕ್ಕೆಗೆ ಬರುವ ಶಾಫ್ಟು ಒಂದೊಂದು ಒಂದೊಂದು ಬಗೆ, ಬಾಗಿದ ಪರಿ ಬೇರೆ, ಸವೆದ ಪರಿ ಬೇರೆ. ಅಲ್ಲಿಗೆ ಕೈಲೇತೇ ಸರಿ. ಹರಿಹರದ ಕಾರ್ಖಾನೆ ಈ ಶತಮಾನದ ಶುರುವಿನಲ್ಲಿ ಬಾಗಿಲು ಹಾಕಿತು. ಅಲ್ಲಿ ತಯಾರಾದ ಲೇತುಗಳು ನಾಡಿನ ಸಣ್ಣ ಸಣ್ಣ ಅಂಗಡಿಗಳಲ್ಲಿ ಇನ್ನೂ ತಿರುಗುತ್ತಿವೆ.

ಹೆಂಚಿನ ಮೇಲೆ ಮಿಶನ್ ತನ್ನ ಹೆಸರು, 1865 ಎಂಬ ಇಸವಿ ಒತ್ತಿದ್ದರಿಂದ ಅದರ ಚರಿತ್ರೆ ಉಳಿಯಿತು. ಲೇತು ಕಡೆದ ಶಾಫ್ಟಿನ ಮೇಲೆ ಯಾರ ಹೆಸರೂ ಇರುವುದಿಲ್ಲ. ಹಳೆಯ ಲೇತು ಗುಜರಿಗೆ ಹೋದರೆ ಕಿಲೋ ಲೆಕ್ಕದಲ್ಲಿ ತೂಗುತ್ತಾರೆ, ಹೆಡ್‌ಸ್ಟಾಕಿನ ಹಿತ್ತಾಳೆಯ ಥ್ರೆಡ್ ಪಟ್ಟಿಯನ್ನು ಕಿತ್ತು ಬೇರೆ ಮಾರುತ್ತಾರೆ. ಬಂದರ್, ಹೊಯ್ಗೆಬಜಾರ್, ಮಲ್ಪೆಯ ಅಂಗಡಿಯವರಲ್ಲಿ ನನ್ನದೊಂದು ವಿನಂತಿ. ನಿಮ್ಮಲ್ಲಿ ಅಜ್ಜನ ಕಾಲದ ಲೇತು ಇದ್ದರೆ ಮಾರುವ ಮೊದಲು ಆ ಹಿತ್ತಾಳೆ ಪಟ್ಟಿಯ ಒಂದು ಚಿತ್ರ ತೆಗೆಯಿರಿ. ಯಾವ ಊರಿನಿಂದ ಯಾರು ತಂದರು, ಮೊದಲು ಯಾವ ಕಾರ್ಖಾನೆಯಲ್ಲಿತ್ತು, ಅದರ ಮೇಲೆ ಕೆಲಸ ಕಲಿತವರು ಯಾರು ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ಒಂದು ಪುಟ ಬರೆದಿಡಿ. ಮಂಗಳೂರಿನ ಇಂಜಿನಿಯರಿಂಗ್ ಕಾಲೇಜುಗಳು ತಮ್ಮ ವರ್ಕ್‌ಶಾಪಿನ ಮೂಲೆಯಲ್ಲಿ ಅಂಥ ಒಂದು ಲೇತನ್ನು, ಅದರ ಎಲ್ಲ ಚೇಂಜ್ ಗೇರುಗಳ ಸಮೇತ, ಓಡುವ ಸ್ಥಿತಿಯಲ್ಲಿ ಇಟ್ಟುಕೊಳ್ಳಲಿ. 127 ಹಲ್ಲಿನ ಗೇರನ್ನು ಮರೆಯದೆ ಕೇಳಿ ಪಡೆಯಲಿ, ಮೊದಲು ಕಳೆದುಹೋಗುವುದು ಅದೇ.